ಪೈನ್ ವ್ಯೂ ಸೈಟಿಗೆ ರೇಟು ಜಾಸ್ತಿ

ದಾವಣಗೆರೆಯಿಂದ ಬೈಕಲ್ಲಿ ಹದಿನೈದು ನಿಮಿಷ ಹೋದರೆ ಹಿಮಾಲಯ ಸಿಗುತ್ತದೆ. ನಂಬಿಕೆ ಬರದಿದ್ದರೆ ರಸ್ತೆ ಪಕ್ಕದ ಬೋರ್ಡ್ ನೋಡಿ. ಹಿಮ ಹೊದ್ದ ಬೆಟ್ಟ, ಸಾಲು ಸಾಲು ಪೈನ್ ಮರ, ಸ್ವೆಟರ್ ಹಾಕಿಕೊಂಡ ಗಂಡ ಹೆಂಡತಿ ಕೈಯಲ್ಲಿ ಕಾಫಿ ಕಪ್ಪು. ಬೋರ್ಡಿನ ಹಿಂದೆ ಹೋದ ವರ್ಷದವರೆಗೂ ಮೆಕ್ಕೆಜೋಳ ಬೆಳೆಯುತ್ತಿದ್ದ ಎರೆಹೊಲ.

ಬಡಾವಣೆಯ ಪೂರ್ತಿ ಹೆಸರು ಬೇಡ. ಅದರಲ್ಲಿ 'ಪೈನ್' ಇದೆ, 'ವ್ಯಾಲಿ' ಇದೆ, ಅಷ್ಟು ಸಾಕು. ವ್ಯಾಲಿ ಅಂದರೆ ಕಣಿವೆ. ನಮ್ಮ ಕಡೆಯವರಿಗೆ ಕಣಿವೆ ಅಂದರೆ ಮಾರಿಕಣಿವೆ, ಅದಿರೋದು ಹಿರಿಯೂರಿನ ಹತ್ತಿರ. ಇಲ್ಲಿ ನನಗೆ ಕಂಡ ಒಂದೇ ತಗ್ಗು ಒಳಚರಂಡಿಗೆ ಅಂತ ತೋಡಿ, ಹಾಗೇ ಬಿಟ್ಟದ್ದು.

ಸೈಟು ತೋರಿಸಲು ಬಂದ ಹುಡುಗ ಬಹಳ ಚುರುಕು. ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಕೈ ಚಾಚಿದ. "ನೋಡ್ರಿ ಸರ್, ಇವೇ ಪೈನು. ಇವುಗಳ ಎದುರಿಗೆ ಬರೋ ಸೈಟಿಗೆ ಚದರಡಿಗೆ ನೂರೈವತ್ತು ಜಾಸ್ತಿ. ಪೈನ್ ವ್ಯೂ ಚಾರ್ಜು."

ಸಿಮೆಂಟ್ ಕುಂಡದಲ್ಲಿ ಸೊಂಟದೆತ್ತರದ ಗಿಡಗಳು. ಬೀಳದಿರಲಿ ಅಂತ ಒಂದೊಂದಕ್ಕೂ ಬಿದಿರು ಕಡ್ಡಿ ಕಟ್ಟಿದ್ದರು. ಒಂದರ ತುದಿ ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು.

ನಾನು ಸುಮ್ನೆ ಇರಬೇಕಿತ್ತು. ಆದರೆ ಒಮ್ಮೆ ಕೇದಾರಕ್ಕೆ ಹೋದಾಗ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತ್ತು. ಎರಡು ತಾಸು ಪೈನ್ ಮರದ ಕೆಳಗೆ ಕೂತಿದ್ದೆ. ಅಲ್ಲಿನ ಚಹಾದ ಅಂಗಡಿಯವನು ನನ್ನ ತಲೆಗೆ ಒಂದಿಷ್ಟು ವಿದ್ಯೆ ತುಂಬಿ ಕಳಿಸಿದ್ದ. ಪೈನಿಗೆ ಎಲೆ ಅಂದರೆ ಸೂಜಿ. ಸೂಜಿಗಳು ಒಂಟಿಯಾಗಿ ಇರೋದಿಲ್ಲ, ಬುಡದಲ್ಲಿ ಕಟ್ಟು ಹಾಕಿದಂತೆ ಗೊಂಚಲಾಗಿರುತ್ತವೆ. ಅಲ್ಲಿನ ಚೀರ್ ಪೈನಿಗೆ ಗೊಂಚಲಿಗೆ 3. ಇನ್ನೂ ಮೇಲೆ ಹೋದರೆ ಸಿಗುವ ನೀಲಿ ಪೈನಿಗೆ 5. ಕಿನ್ನೌರದ ಕಡೆ ಚಿಲ್ಗೋಜಾ ಅಂತ ಇನ್ನೊಂದಿದೆ. ಅದರ ಬೀಜ ತಿನ್ನುತ್ತಾರೆ, ಕಿಲೋಗೆ ಸಾವಿರಾರು ರೂಪಾಯಿ. ಜಗತ್ತಿನಲ್ಲಿ ಪೈನ್ ಜಾತಿಗಳು ಸುಮಾರು 120 ಇವೆಯಂತೆ. ಅದರಲ್ಲಿ ಒಂದಾದರೂ ದಕ್ಷಿಣ ಭಾರತದಲ್ಲಿ ತಾನಾಗಿ ಹುಟ್ಟಿಲ್ಲ. ಕೊಡೈಕೆನಾಲಿನದೂ ನೆಟ್ಟು ಬೆಳೆಸಿದ್ದೇ.

ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತೆ. ಗೊಂಚಲು ಇಲ್ಲ. ಟೊಂಗೆಯ ಸುತ್ತ ಮುಳ್ಳು ಮುಳ್ಳಾಗಿ ಹೆಣೆದಂಥ ಎಲೆ. ನರ್ಸರಿಯವರು ಕ್ರಿಸ್ಮಸ್ ಟ್ರೀ ಅಂತ ಮಾರುತ್ತಾರಲ್ಲ, ಅದೇ. ಆಸ್ಟ್ರೇಲಿಯಾ ಆಚೆಯ ನಾರ್ಫೋಕ್ ದ್ವೀಪದ್ದು. ಹೆಸರಲ್ಲಿ ಪೈನ್ ಇದೆ, ಕುಲದಲ್ಲಿ ಇಲ್ಲ.

"ಇದು ಪೈನ್ ಅಲ್ಲಪ್ಪ," ಅಂದೆ.

"ಇಂಪೋರ್ಟೆಡ್ ಪೈನು ಸರ್," ಅಂದ. ಇಂಥ ಹುಡುಗರು ಐಎಎಸ್ ಮಾಡಬೇಕಿತ್ತು.

ನಿಜವಾದ ಪೈನ್ ತಂದು ನೆಟ್ಟರೆ ಏನಾಗುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ, ಹೇಳಿದೆ. ಬೇಸಿಗೆಯಲ್ಲಿ ಅದರ ಸೂಜಿ ಉದುರಿ ನೆಲಕ್ಕೆ ಚಾಪೆ ಹಾಸಿದಂತಾಗುತ್ತದೆ. ಕಾಲಿಟ್ಟರೆ ಜಾರುತ್ತದೆ, ಕಿಡಿ ಬಿದ್ದರೆ ಗುಡ್ಡವೇ ಉರಿಯುತ್ತದೆ. ಉತ್ತರಾಖಂಡದವರು ಅದಕ್ಕೆ ಪಿರೂಲ್ ಅನ್ನುತ್ತಾರೆ, ಕಾಡ್ಗಿಚ್ಚಿನ ಸುದ್ದಿ ಬಂದಾಗೆಲ್ಲ ಅದರ ಹೆಸರೂ ಬರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಮನೆ ಮುಂದೆ ಪಿರೂಲ್ ಬಿದ್ದರೆ ಮಂಡಕ್ಕಿ ಭಟ್ಟಿಯವರಿಗೆ ಬಿಟ್ಟು ಬೇರೆ ಯಾರಿಗೂ ಲಾಭ ಇಲ್ಲ.

ಅಲ್ಲಿ ಆ ಮರಕ್ಕೆ ಕೆಲಸ ಇದೆ, ಅದು ಬೇರೆ ಮಾತು. ಕಾಂಡಕ್ಕೆ ಕಚ್ಚು ಹಾಕಿ, ಕೆಳಗೆ ಪುಟ್ಟ ಬಟ್ಟಲು ಸಿಕ್ಕಿಸಿರುತ್ತಾರೆ. ಅಂಟು ತೊಟ್ಟಿಕ್ಕುತ್ತದೆ. ಕಾಯಿಸಿ ಬಟ್ಟಿ ಇಳಿಸಿದರೆ ಒಂದು ಕಡೆ ಟರ್ಪೆಂಟೈನ್, ಇನ್ನೊಂದು ಕಡೆ ರಾಳ. ಪೇಂಟರ್ ಬ್ರಶ್ ತೊಳೆಯೋದು ಮೊದಲನೆಯದರಲ್ಲಿ. ಪಿಟೀಲಿನ ಕಮಾನಿಗೆ ಉಜ್ಜೋದು ಎರಡನೆಯದನ್ನ. ಟಿವಿ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವಾಗ ಮೂಗಿಗೆ ಬಡಿಯುವ ಹೊಗೆಯೂ ಅದೇ ರಾಳದ್ದು. ಅಂದರೆ ದಾವಣಗೆರೆಗೆ ಪೈನ್ ಯಾವತ್ತೋ ಬಂದಾಗಿದೆ, ವ್ಯೂ ಚಾರ್ಜು ಕೇಳದೆ.

ಬದುವಿನಲ್ಲಿ ಒಂದು ಮೋಟು ಕಂಡಿತು. ಹುಣಸೆ ಮರದ್ದು. ಹೊಲ ಮಾರಿದ ಅಜ್ಜ ಅದರ ಮೇಲೇ ಕೂತು ಬೀಡಿ ಹಚ್ಚಿದ್ದ. ಈಗ ಅಲ್ಲೇ ವಾಚ್‌ಮನ್ ಅಂತೆ.

"ನಮ್ಮಪ್ಪ ಹುಟ್ಟೋಕಿಂತ ಮೊದ್ಲಿಂದು," ಅಂದ. ಇದರ ಹಣ್ಣು ಸಂತೆಗೆ, ಬೀಜ ಚಳ್ಳಕೆರೆ ಕಡೆಯ ಕಂಬಳಿ ನೇಯುವವರಿಗೆ ಹೋಗುತ್ತಿತ್ತಂತೆ. ಉಣ್ಣೆ ಎಳೆ ಗಟ್ಟಿಯಾಗಲು ಅವರು ಹುಣಸೆ ಬೀಜದ ಸರಿ ಹಚ್ಚುತ್ತಾರೆ. ಯಾಕೆ ಕಡಿದರು ಅಂತ ಕೇಳಿದೆ. ಪೈನ್ ಸಾಲಿಗೆ ಅಡ್ಡ ಬರುತ್ತಿತ್ತಂತೆ.

ಅಮೆರಿಕದ ನೆವಾಡಾದಲ್ಲಿ 1964ರಲ್ಲಿ ಒಬ್ಬ ಸಂಶೋಧಕ ವಯಸ್ಸು ತಿಳಿಯಲು ಹೋಗಿ ಒಂದು ಬ್ರಿಸಲ್‌ಕೋನ್ ಪೈನನ್ನು ಕಡಿಸಿಯೇ ಬಿಟ್ಟ. ಆಮೇಲೆ ಉಂಗುರ ಎಣಿಸಿದರೆ 4,800ಕ್ಕೂ ಜಾಸ್ತಿ. ಅಷ್ಟು ಹಳೆಯ ಮರ ಅಲ್ಲಿಯವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಇವತ್ತಿಗೂ ಜನ ಅವನನ್ನು ಬೈಯುತ್ತಾರೆ. ನನಗೆ ಅವನ ಮೇಲೆ ಸ್ವಲ್ಪ ಗೌರವ ಬಂತು. ಕಡಿದ ಮೇಲಾದರೂ ಎಣಿಸಿದನಲ್ಲ.

"ಈ ಕುಂಡದ ಗಿಡದಾಗ ಏನ್ ಬಿಡತೈತ್ರಿ?" ಅಜ್ಜ ನನ್ನನ್ನೇ ಕೇಳಿದ.

"ಆಕ್ಸಿಜನ್ ಬಿಡತೈತಿ ಅಜ್ಜಾ," ಅಂತ ಹುಡುಗ ಮಧ್ಯ ಬಾಯಿ ಹಾಕಿದ.

"ಹುಣಸೆ ಏನ್ ಬೀಡಿ ಹೊಗೆ ಬಿಡ್ತಿತ್ತೇನಲೇ?"

ಹುಡುಗ ಮಾತು ತಿರುಗಿಸಿದ. ಹನ್ನೆರಡೂವರೆ ಆಗಿತ್ತು. ಎರೆನೆಲ ಬಾಯಿ ಬಿಟ್ಟು ಕಾವು ಉಗುಳುತ್ತಿತ್ತು. ಇಪ್ಪತ್ತು ಕುಂಡದ ನೆರಳು ಒಟ್ಟುಗೂಡಿಸಿದರೂ ಒಂದು ಚಪ್ಪಲಿ ಮುಚ್ಚುತ್ತಿರಲಿಲ್ಲ. "ಬರ್ರಿ ಸರ್, ರೇಟಿನ ಮಾತು ನೆರಳಲ್ಲಿ ಕೂತು ಆಡೋಣ," ಅಂತ ಕರೆದ. ಬೇಲಿ ದಾಟಿ ಪಕ್ಕದ ಹೊಲಕ್ಕೆ ಹೋದೆವು. ಅಲ್ಲಿ ದೊಡ್ಡ ಬೇವಿನ ಮರ. ಕೆಳಗೆ ಅವನ ಕಾರು, ಎರಡು ಪ್ಲಾಸ್ಟಿಕ್ ಕುರ್ಚಿ, ನೀರಿನ ಕ್ಯಾನು. ತಣ್ಣಗೆ ಗಾಳಿ ಬೀಸುತ್ತಿತ್ತು.

"ಇಲ್ಲಿ ಚೆನ್ನಾಗಿದೆ ಕಣಪ್ಪ," ಅಂದೆ.

"ಹೌದಲ್ರಿ? ಇದೂ ನಮ್ಮದೇ ಸರ್, ಸೆಕೆಂಡ್ ಫೇಸು. ಮುಂದಿನ ತಿಂಗಳು ಕ್ಲೀನ್ ಮಾಡಿಸ್ತೀವಿ. ಹೆಸರೂ ಇಟ್ಟಾಗಿದೆ, ಓಕ್ ಗಾರ್ಡನ್."