ಎಳೆ ಹರಿದರೆ ನಿಲ್ಲುವ ಮಗ್ಗ

ನಾನು ಕೆಲಸ ಮಾಡುವ ಜಪಾನಿನ ನಗೋಯಾಕ್ಕೆ ಅಪ್ಪ ಬಂದಾಗ ಕೋಟೆ ನೋಡಲಿಲ್ಲ. ಅರ್ಧ ದಿನ ಟೊಯೋಟಾ ವಸ್ತುಸಂಗ್ರಹಾಲಯದಲ್ಲೇ ಕಳೆದರು. ಅದೂ ಕಾರುಗಳ ಮುಂದೆ ಅಲ್ಲ, ಮಗ್ಗದ ಮುಂದೆ. ನಾವು ದೊಡ್ಡಬಳ್ಳಾಪುರದವರು, ಪವರ್‌ಲೂಮ್ ಸದ್ದಿನಲ್ಲೇ ನಿದ್ದೆ ಮಾಡಿ ಎದ್ದವರು.

ಟೊಯೋಟಾ ಸಮೂಹಕ್ಕೆ ಅಡಿಪಾಯ ಹಾಕಿದ ಸಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಜಿ ಮಾದರಿಯ ಮಗ್ಗ ಅದು. ಮಾರ್ಗದರ್ಶಿ ಹಾಸಿನ ಒಂದು ಎಳೆಯನ್ನು ಹರಿದಳು. ಲಾಳಿ ತಕ್ಷಣ ನಿಂತಿತು. ಅಪ್ಪನಿಗೆ ನಂಬಿಕೆ ಬರಲಿಲ್ಲ. "ಎಳೆ ಹರಿದದ್ದು ಅದಕ್ಕೆ ಹೇಗೆ ಗೊತ್ತಾಯಿತು?" ಎಂದು ಕೇಳಿದರು. ಬಿಗಿಯಾದ ಎಳೆ ತಡೆದಿದ್ದ ಲೋಹದ ತುಣುಕು ಎಳೆ ಹೋದೊಡನೆ ಕೆಳಗೆ ಬೀಳುತ್ತದೆ, ಅದು ಬಿದ್ದರೆ ಮಗ್ಗ ನಿಲ್ಲುತ್ತದೆ ಎಂದು ವಿವರಿಸಿದೆ. ನಮ್ಮ ಮನೆಯಲ್ಲಿ ಆ ಕೆಲಸ ಅಮ್ಮನ ಕಣ್ಣಿನದಾಗಿತ್ತು. ಅವರು ಒಂದು ಕ್ಷಣ ಅತ್ತ ತಿರುಗಿದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತಿತ್ತು, ವ್ಯಾಪಾರಿ ದರ ಇಳಿಸುತ್ತಿದ್ದ.

ಯಂತ್ರಮಗ್ಗ ಸಕಿಚಿಯ ಸೃಷ್ಟಿಯಲ್ಲ, ಅದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅವರು ಇದ್ದದ್ದಕ್ಕೆ ತಮ್ಮದನ್ನು ಸೇರಿಸುತ್ತಾ ಹೋದರು. ಕೊನೆಗೆ 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿಯೇ ಈ ಮಗ್ಗದ ಪೇಟೆಂಟ್ ಹಕ್ಕು ಕೊಂಡುಕೊಂಡಿತು. ತಪ್ಪು ಕಂಡೊಡನೆ ನಿಲ್ಲಿಸುವ ಅದೇ ತತ್ವ ಮುಂದೆ ಕಾರು ಕಾರ್ಖಾನೆಗೂ ಬಂತು. ಜೋಡಣಾ ಸಾಲಿನ ಪಕ್ಕದಲ್ಲಿ ಒಂದು ಹಗ್ಗವಿರುತ್ತದೆ. ದೋಷ ಕಂಡವನು, ನಿನ್ನೆ ಕೆಲಸಕ್ಕೆ ಸೇರಿದವನಾದರೂ ಸರಿ, ಅದನ್ನು ಎಳೆದು ಸಾಲನ್ನು ನಿಲ್ಲಿಸಬಹುದು.

ನನ್ನ ಮನಸ್ಸಿನಲ್ಲಿ ಇನ್ನೂ ಗಟ್ಟಿಯಾಗಿ ಕುಳಿತ ಸಂಗತಿ ಬೇರೊಂದಿದೆ. 1950ರಲ್ಲಿ ಸಕಿಚಿಯ ತಮ್ಮನ ಮಗ ಎಯ್ಜಿ ಟೊಯೋಡಾ ಅಮೆರಿಕದ ಫೋರ್ಡ್ ಕಾರ್ಖಾನೆಗೆ ಹೋಗಿ, ಅಲ್ಲಿ ಕಾರ್ಮಿಕರಿಂದ ಸಲಹೆ ಪಡೆಯುತ್ತಿದ್ದ ಪದ್ಧತಿಯನ್ನು ಕಂಡರು. 1951ರಲ್ಲಿ ಅದು ಟೊಯೋಟಾದಲ್ಲಿ ಜಾರಿಗೆ ಬಂತು. ಅಂದರೆ ಹೊಸ ಆಲೋಚನೆ ಕೇಳುವ ಪದ್ಧತಿಯೇ ಕಡ ತಂದದ್ದು! ಕಂಪನಿ ಇದನ್ನು ಮುಚ್ಚಿಡುವುದಿಲ್ಲ, ತನ್ನ ಚರಿತ್ರೆಯಲ್ಲಿ ತಾನೇ ಬರೆದುಕೊಂಡಿದೆ.

ನಮ್ಮ ಕಡೆ ನಾನು ಕಂಡದ್ದು ಇದಕ್ಕೆ ತಿರುಗಾಮುರುಗಾ. ಬೆಂಗಳೂರಿನಲ್ಲಿ ನನ್ನ ಮೊದಲ ಕೆಲಸ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ. ಹಿರಿಯ ಆಪರೇಟರ್ ಒಬ್ಬರು ಪಕ್ಕದ ಕಾರ್ಖಾನೆಯ ಗೋಡೆಯ ಮೇಲೆ ಸ್ಪ್ಯಾನರುಗಳ ಆಕಾರವನ್ನೇ ಬರೆದು ತೂಗುಹಾಕಿದ್ದನ್ನು ನೋಡಿ ಬಂದಿದ್ದರು. ನಮ್ಮಲ್ಲೂ ಹಾಗೆ ಮಾಡಿ, ಸ್ಪ್ಯಾನರ್ ತೆಗೆದುಕೊಂಡವನು ಆ ಖಾಲಿ ಜಾಗದಲ್ಲಿ ತನ್ನ ಹೆಸರಿನ ಬಿಲ್ಲೆ ಹಾಕಲಿ ಎಂಬುದು ಅವರ ಯೋಚನೆ. ನೋಟ್‌ಬುಕ್ಕಿನಲ್ಲಿ ಚಿತ್ರವನ್ನೂ ಬರೆದಿದ್ದರು. ಮೇಲಧಿಕಾರಿ ಪೂರ್ತಿ ನೋಡಲೂ ಇಲ್ಲ. "ಇದರಲ್ಲಿ ಹೊಸದೇನಿದೆ? ಪಕ್ಕದವರದ್ದೇ ಅಲ್ಲವೇ?" ಎಂದು ಪುಸ್ತಕ ಹಿಂದಿರುಗಿಸಿದರು. ಆ ಬಿಲ್ಲೆ ಪಕ್ಕದವರದಾಗಿರಲಿಲ್ಲ. ಆ ಹಿರಿಯರು ಮತ್ತೆಂದೂ ಬಾಯಿ ಬಿಡಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನೂ ಬಿಡಲಿಲ್ಲ. ಆ ನೋವು ಇಂದಿಗೂ ಇದೆ.

ಅಡುಗೆಮನೆಯಲ್ಲಿ ನಮಗೆ ಈ ಸಂಕೋಚವೇ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರು. ಇಡ್ಲಿ ಹಳೆಯದು, ಇದರಲ್ಲಿ ಹೊಸದೇನಿದೆ ಎಂದು ಯಾರೂ ತಟ್ಟೆ ಸರಿಸಲಿಲ್ಲ. ಅದೇ ನಾವು ಕಚೇರಿಯ ಮೇಜಿನ ಹಿಂದೆ ಕುಳಿತ ಕೂಡಲೇ ಏಕೆ ಬದಲಾಗುತ್ತೇವೆ?

ಕಂಡದ್ದನ್ನು ಕಲಿತು ತಮ್ಮದನ್ನು ಸೇರಿಸುವ ಗುಣ ಜಪಾನೀಯರ ರಕ್ತದಲ್ಲೇ ಇದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ಸಣ್ಣ ಬದಲಾವಣೆಗೆ ವಾರಗಟ್ಟಲೆ ಸಭೆ ನಡೆಸುವ ಇಲ್ಲಿನ ನಿಧಾನಕ್ಕಿಂತ ನಮ್ಮವರ ಚುರುಕು ಎಷ್ಟೋ ಮೇಲು. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ 1999ರಿಂದ ಕಾರು ತಯಾರಿಸುತ್ತಿರುವವರಲ್ಲಿ ನಮ್ಮ ಹುಡುಗರೂ ಇದ್ದಾರಲ್ಲ.

ಇಲ್ಲಿ ನನ್ನ ಕೈಕೆಳಗೆ ಹನ್ನೊಂದು ಜನರಿದ್ದಾರೆ. ಯಾರಾದರೂ ಒಂದು ಸಲಹೆ ತಂದರೆ, ಎಲ್ಲಿ ನೋಡಿದಿರಿ, ಅದಕ್ಕೆ ನೀವು ಏನು ಸೇರಿಸಿದಿರಿ ಎಂದು ಎರಡನ್ನೂ ಕೇಳುತ್ತೇನೆ, ಚಿತ್ರವಿದ್ದರೆ ಕೊನೆಯವರೆಗೂ ನೋಡುತ್ತೇನೆ. ನಮ್ಮ ವಿಭಾಗದ ಗೋಡೆಯ ಮೇಲೆ ಸ್ಪ್ಯಾನರುಗಳ ಪಕ್ಕದಲ್ಲಿ ಹೆಸರಿನ ಬಿಲ್ಲೆಗಳೂ ತೂಗುತ್ತಿವೆ. ಅದು ಯಾರ ಯೋಚನೆ ಎಂದು ಕೇಳಿದವರಿಗೆಲ್ಲ ಬೆಂಗಳೂರಿನ ಆ ಹಿರಿಯರ ಹೆಸರು ಹೇಳುತ್ತೇನೆ.