ಎದುರಾಳಿ ಪರವಾಗಿಲ್ಲ, ಜೊತೆಗಾರನದ್ದೇ ತಲೆನೋವು

ದಸರಾ ನಾಡಕುಸ್ತಿ ಶುರುವಾಗುವ ಮುಂಚೆ ಮೈಸೂರಿನಲ್ಲಿ ಜೋಡಿ ಕಟ್ಟುವ ಕಾರ್ಯಕ್ರಮ ಇರುತ್ತದೆ. ನಮ್ಮೂರು, ಮಂಡ್ಯ, ಸುತ್ತಲಿನ ಜಿಲ್ಲೆಗಳ ಗರಡಿಗಳಿಂದ ಪೈಲ್ವಾನರು ಬರುತ್ತಾರೆ. ಹಳೆಯ ಉಸ್ತಾದರು ಒಬ್ಬೊಬ್ಬರನ್ನೂ ನಿಲ್ಲಿಸಿ ನೋಡುತ್ತಾರೆ. ತೂಕ ಎಷ್ಟು, ಯಾವ ಗರಡಿ, ಹಿಂದೆ ಯಾರ ಮೇಲೆ ಆಡಿದ್ದಾನೆ, ಎಲ್ಲ ವಿಚಾರಿಸುತ್ತಾರೆ. ಇಬ್ಬರೂ ಕೈ ಮಿಲಾಯಿಸಿ ಒಪ್ಪಿದರೆ ಜೋಡಿ. ಒಪ್ಪದಿದ್ದರೆ ಬೇರೊಬ್ಬನನ್ನು ಕರೆಯುತ್ತಾರೆ. ಕೆಲವೇ ನಿಮಿಷದ ಕುಸ್ತಿಗೆ ಇಷ್ಟೊಂದು ವಿಚಾರಣೆ.

ಮೊಬೈಲಿನ ಯುದ್ಧಕ್ಕೆ ಇದ್ಯಾವುದೂ ಬೇಕಿಲ್ಲ. ಬಿಜಿಎಂಐ (ಕೊನೆಯವರೆಗೆ ಬದುಕುಳಿದ ತಂಡ ಗೆಲ್ಲುವ ಗುಂಡಿನ ಆಟ) ತೆರೆದು 'ಸ್ಟಾರ್ಟ್' ಒತ್ತಿದರೆ ಆಯಿತು. ಚಕ್ರ ಒಂದಷ್ಟು ಹೊತ್ತು ಗಿರಗಿರ ತಿರುಗುತ್ತದೆ. ಕಣ್ಣು ಬಿಟ್ಟರೆ ನೂರು ಜನರ ವಿಮಾನದಲ್ಲಿ ಕೂತಿರುತ್ತೀರಿ. ಅದರಲ್ಲಿ ಮೂವರು ನಿಮ್ಮವರು. ಒಬ್ಬನ ಹೆಸರು 'ಸೈಲೆಂಟ್ ಕಿಲ್ಲರ್', ಇನ್ನೊಬ್ಬ 'ಕೆಎ-11 ಹುಲಿ', ಮೂರನೆಯವನ ಹೆಸರು ಯಾವ ಲಿಪಿಯಲ್ಲಿದೆ ಎಂದು ಅವನನ್ನು ಹೆತ್ತವರಿಗೂ ಗೊತ್ತಾಗುವುದಿಲ್ಲ. ಈ ಮೂವರ ಕೈಗೆ ಪ್ರಾಣ ಕೊಟ್ಟು ನೀವು ಪ್ಯಾರಾಚೂಟ್ ಕಟ್ಟಿಕೊಂಡು ಹಾರಬೇಕು. ಹುಲಿ ಒಂದು ಕಡೆ ಹಾರುತ್ತದೆ. ಕಿಲ್ಲರ್ ಇನ್ನೊಂದು ಕಡೆ. ಮೂರನೆಯವನು ಹಾರುವುದೇ ಇಲ್ಲ. ವಿಮಾನ ಕೊನೆಯ ಸ್ಟಾಪಿಗೆ ಹೋಗಿ ಅವನನ್ನು ಎತ್ತಿ ಹೊರಗೆ ಹಾಕುತ್ತದೆ.

ಮೆಷಿನ್ ಸುಮ್ನೆ ಯಾರನ್ನೋ ಹಿಡಿದು ತರುತ್ತದೆ ಎಂದೇನಲ್ಲ. ಅದೂ ಲೆಕ್ಕ ಹಾಕುತ್ತದೆ. ಈ ಲೆಕ್ಕದ ಮೂಲಪುರುಷ ಅರ್ಪಾದ್ ಎಲೋ ಎನ್ನುವ ಭೌತಶಾಸ್ತ್ರದ ಮೇಷ್ಟ್ರು. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡಿದವರು. ಚೆಸ್ ಆಡುವವರ ಬಲ ಅಳೆಯಲು ಒಂದು ಅಂಕಪದ್ಧತಿ ಕಟ್ಟಿದರು. 1970ರಲ್ಲಿ ಜಾಗತಿಕ ಚೆಸ್ ಒಕ್ಕೂಟ ಫಿಡೆ ಅದನ್ನು ಒಪ್ಪಿಕೊಂಡಿತು. ಗೆದ್ದರೆ ಅಂಕ ಏರುತ್ತದೆ, ಸೋತರೆ ಇಳಿಯುತ್ತದೆ, ತನಗಿಂತ ಬಲವಾದವನನ್ನು ಬೀಳಿಸಿದರೆ ಜಾಸ್ತಿ ಏರುತ್ತದೆ. ಇವತ್ತಿನ ಆನ್‌ಲೈನ್ ಆಟಗಳಲ್ಲಿ ಜೋಡಿ ಕಟ್ಟುವ ಎಂಎಂಆರ್, ರೇಟಿಂಗ್ ಅಂಕಗಳೆಲ್ಲ ಹೆಚ್ಚುಕಮ್ಮಿ ಈ ವಂಶದವೇ. ಆದರೆ ಚೆಸ್ ಒಬ್ಬನೇ ಕೂತು ಆಡುವ ಆಟ ಸ್ವಾಮಿ. ಅಲ್ಲಿ ನಿಮ್ಮ ಕುದುರೆ ನಿಮ್ಮನ್ನು ನಡುದಾರಿಯಲ್ಲಿ ಬಿಟ್ಟು ಲೂಟ್ ಮಾಡಲು ಓಡುವುದಿಲ್ಲ. ನಿಮ್ಮ ಆನೆ ಮೈಕ್ ಆನ್ ಇಟ್ಟುಕೊಂಡು ಚುರುಮುರಿ ತಿನ್ನುವುದಿಲ್ಲ.

ಆಮೇಲೆ ಮೈಕ್ರೋಸಾಫ್ಟ್‌ನವರು ಎಕ್ಸ್‌ಬಾಕ್ಸ್ ಆಟಗಳಿಗೆ ಟ್ರೂಸ್ಕಿಲ್ ಎನ್ನುವ ಲೆಕ್ಕ ತಂದರು. ಇದು ತಂಡಗಳಿಗೂ ಆಗುತ್ತದೆ. ಹೇಗೆ ಅಂದರೆ, ತಂಡದಲ್ಲಿರುವವರ ಬಲವನ್ನೆಲ್ಲ ಕೂಡಿಸುವುದು, ಬಂದದ್ದೇ ತಂಡದ ಬಲ. ಕೂಡಿಸುವುದಂತೆ! ಮೇಷ್ಟ್ರುಗಳೇ, ನಮ್ಮ ಸ್ಕ್ವಾಡ್‌ಗೆ ಕಳೆಯುವ ಲೆಕ್ಕ ಬೇಕು. ನಾಲ್ಕನೆಯವನು ಬಂದ ಮೇಲೆ ಮೂವರ ಬಲ ಎಷ್ಟು ಉಳಿಯಿತು ಎಂದು ಹೇಳುವ ಸೂತ್ರ ಬೇಕು.

ಹೀಗಾಗಿ ಎದುರಾಳಿ ಮಾತ್ರ ಅಚ್ಚುಕಟ್ಟಾಗಿ ಸಿಗುತ್ತಾನೆ. ನಿಮ್ಮಷ್ಟೇ ಕೈಚಳಕ, ನಿಮ್ಮಷ್ಟೇ ಅನುಭವ. ಉಸ್ತಾದರು ಕಟ್ಟಿದ ಜೋಡಿಗೆ ಏನೂ ಕಮ್ಮಿಯಿಲ್ಲ. ಶ್ರದ್ಧೆಯೂ ಅವನದೇ. ನೀವು ಗುಂಡು ತಿಂದು ನೆಲದ ಮೇಲೆ ತೆವಳುತ್ತಿರುವಾಗ ಎಲ್ಲ ಕೆಲಸ ಬಿಟ್ಟು ನಿಮ್ಮ ಹತ್ತಿರ ಓಡಿ ಬರುವವನು ಅವನೊಬ್ಬನೇ. ಜೊತೆಗಾರ ಬಂದು ಒಂದ್ಹತ್ತು ಸೆಕೆಂಡ್ ಪಕ್ಕದಲ್ಲಿ ಕೂತರೆ ಸಾಕು, ಎದ್ದು ನಿಲ್ಲಬಹುದು. ಆ ಹತ್ತು ಸೆಕೆಂಡ್ ಅವನಿಗೆ ಇರುವುದಿಲ್ಲ. ಸತ್ತವರ ಸಾಮಾನೆಲ್ಲ ಒಂದು ಪೆಟ್ಟಿಗೆಯಾಗಿ ಬೀಳುತ್ತದೆ, ಅವನು ನಿಮ್ಮ ಪೆಟ್ಟಿಗೆಗೆ ಕಾಯುತ್ತಿರುತ್ತಾನೆ. ನೀವು ಸತ್ತರೆ ದೂರದ ಗುರಿ ಕಾಣಿಸುವ ನಿಮ್ಮ ಎಂಟು ಎಕ್ಸ್ ಸ್ಕೋಪ್ ಅವನದು.

ಇನ್ನು ಸತ್ತ ಮೇಲೆ ನಾಯಕನಾಗುವವನ ವಿಷಯ. ಇವನದ್ದು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು. ಆಟದೊಳಗಿನ ಪೊಚಿಂಕಿ ಊರಿನಲ್ಲಿ ಇಳಿದ ತಕ್ಷಣ ಗನ್ ಸಿಗುವ ಮುಂಚೆಯೇ ಬಾಣಲೆ ಹಿಡಿದು ಶತ್ರುವಿನ ಮನೆಗೆ ನುಗ್ಗಿ ಮೊದಲು ಸಾಯುವವನು ಇವನೇ. ಬದುಕಿದ್ದಾಗ ಇವನ ಬಾಯಿಂದ ಒಂದು ಮಾತೂ ಬಂದಿರುವುದಿಲ್ಲ. ಸತ್ತ ಮೇಲೆ ನಿಮ್ಮ ಪರದೆಯನ್ನೇ ನೋಡುತ್ತಾ ಕೂರುತ್ತಾನೆ. ಆಗ ಶುರು. 'ಎಡಕ್ಕೆ ನೋಡಿ ಬ್ರೋ. ಎಡಕ್ಕೆ. ಅಯ್ಯೋ, ನಿಮ್ಮೆಡ ಅಲ್ಲ, ನನ್ನೆಡ.' 'ಆ ಕಲ್ಲಿನ ಹಿಂದೆ ಹೋಗಿ. ಯಾಕೆ ಹೋದ್ರಿ?' 'ಗ್ರೆನೇಡ್ ಎಸೀರಿ. ಈಗಲ್ಲ. ಛೆ, ಈಗ ಎಸೀಬೇಕಿತ್ತು.' ನೀವು ಏಳು ಜನರನ್ನು ಉರುಳಿಸಿ, ಕೊನೆಯ ಇಬ್ಬರಲ್ಲಿ ಒಬ್ಬರಾಗಿ ಉಳಿದು, ಹುಲ್ಲಿನಲ್ಲಿ ಮಲಗಿರುತ್ತೀರಿ. ಅಷ್ಟರಲ್ಲಿ ಅವನು ಕೂಗಿದ ಕೂಗಿಗೆ ಬೆಚ್ಚಿ ಬೆರಳು ಜಾರುತ್ತದೆ, ಗುಂಡು ಹಾರುತ್ತದೆ, ನೀವಿದ್ದ ಜಾಗ ಶತ್ರುವಿಗೆ ಗೊತ್ತಾಗುತ್ತದೆ. ಆಗ ಅವನು ಒಂದು ನಿಟ್ಟುಸಿರು ಬಿಟ್ಟು ಹೇಳುತ್ತಾನೆ: 'ಮೊದಲೇ ಹೇಳಿದ್ದೆ.'

ಐದೈದು ಜನರ ತಂಡಗಳ ವ್ಯಾಲರೆಂಟ್ ಆಟದ ಕಡೆ ಹೋದರೆ ಸಮಸ್ಯೆಯ ಬಣ್ಣ ಬೇರೆ. ಅಲ್ಲಿ ಪಾತ್ರ ಹಂಚಿಕೆ ಇದೆ. ನುಗ್ಗಿ ಹೊಡೆಯಲು ಡ್ಯೂಯಲಿಸ್ಟ್, ಹೊಗೆ ಹಾಕಲು ಕಂಟ್ರೋಲರ್, ಹಿಂದೆ ಕಾಯಲು ಸೆಂಟಿನೆಲ್, ಸುಳಿವು ಹುಡುಕಿ ದಾರಿ ಮಾಡಿಕೊಡಲು ಇನಿಷಿಯೇಟರ್. ಅಪರಿಚಿತರು ಐವರು ಸೇರಿದರೆ ಐವರೂ ಡ್ಯೂಯಲಿಸ್ಟ್‌ಗಳೇ. ಎಲ್ಲರಿಗೂ 750 ಕಿಲೋ ಅಂಬಾರಿ ಹೊರುವ ಆನೆಯೇ ಆಗಬೇಕು, ಪಕ್ಕದಲ್ಲಿ ಸುಮ್ಮನೆ ನಡೆಯುವ ಕುಮ್ಕಿ ಆನೆಯಾಗಲು ಒಬ್ಬನೂ ಸಿದ್ಧನಿಲ್ಲ. ಕೊನೆಗೆ ಯಾರೋ ಒಬ್ಬ ಪಾಪದವನು ಸೆಂಟಿನೆಲ್ ಆಗುತ್ತಾನೆ. ಸೋತ ಮೇಲೆ ಉಳಿದ ನಾಲ್ವರೂ ಸೇರಿ ಬೈಯುವುದು ಅವನನ್ನೇ.

ಇಷ್ಟೆಲ್ಲದರ ನಡುವೆ ಒಮ್ಮೊಮ್ಮೆ ಮೈಕಿನಲ್ಲಿ ಕನ್ನಡ ಕೇಳುತ್ತದೆ. ಹಿಂದಿ, ತಮಿಳು, ತೆಲುಗಿನ ಕೂಗಾಟದಲ್ಲಿ ಕಿವಿ ಸೋತು ಹೋಗಿರುವಾಗ ಯಾರೋ 'ಥೂ, ಗುಂಡೇ ಇಲ್ವಲ್ಲಪ್ಪ' ಎಂದರೆ ಸಾಕು, ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಲ್ಲಿಗೆ ಯುದ್ಧ ಮುಗಿದ ಹಾಗೆ.

'ಅಣ್ಣ, ಕನ್ನಡದವ್ರಾ?'

'ಹೂಂ ಕಣಪ್ಪ, ಮೈಸೂರು.'

'ಮೈಸೂರಲ್ಲಿ ಎಲ್ಲಿ?'

'ಸರಸ್ವತಿಪುರಂ. ನಿಮ್ದು?'

'ಪಾಂಡವಪುರದ ತಾವ ಕಣಣ್ಣ. ಚಿನಕುರಳಿ ಗೊತ್ತಾ?'

'ಗೊತ್ತಿಲ್ದೆ ಏನು, ನಮ್ಮ ದೊಡ್ಡತ್ತೆನ ಅಲ್ಲಿಗೇ ಕೊಟ್ಟಿರೋದು.'

'ಹೌದಾ! ಯಾರ ಮನೆಗಣ್ಣ?'

ಗುಂಡು ಕಿವಿಯ ಪಕ್ಕ ಹಾರುತ್ತಿರುತ್ತದೆ. ಹೊರಗುಳಿದವರ ಪ್ರಾಣ ಹಿಂಡುತ್ತಾ ಸುತ್ತಲಿಂದ ಕಿರಿದಾಗುವ ನೀಲಿ ಜೋನ್ ಬೆನ್ನಿಗೆ ಬಂದು ನಿಂತಿರುತ್ತದೆ. ಇಬ್ಬರು ಕನ್ನಡಿಗರು ಒಂದು ಗೋಡೆಯ ಹಿಂದೆ ಕೂತು ದೊಡ್ಡತ್ತೆಯ ಮನೆ ಊರಬಾಗಿಲಿಂದ ಬಲಕ್ಕೋ ಎಡಕ್ಕೋ ಎಂದು ಇತ್ಯರ್ಥ ಮಾಡುತ್ತಿರುತ್ತಾರೆ. ಇತ್ಯರ್ಥ ಆಗುವ ಮುಂಚೆ ಇಬ್ಬರೂ ಪೆಟ್ಟಿಗೆ ಆಗುತ್ತಾರೆ. ಆದರೂ ಈ ಸಾವಿನಲ್ಲಿ ಒಂದು ತೃಪ್ತಿ ಇದೆ, ಅಲ್ವಾ?

ಮಂಡ್ಯದ ಕಡೆಯ ಜೊತೆಗಾರನಿಗೆ ಇನ್ನೊಂದು ಗುಣವುಂಟು. ರಾತ್ರಿ ಹನ್ನೊಂದರ ಮೇಲೆ, ಆಟ ರಂಗೇರಿದ ಹೊತ್ತಿಗೆ, ಇದ್ದಕ್ಕಿದ್ದಂತೆ ಹೇಳುತ್ತಾನೆ: 'ಅಣ್ಣ, ತ್ರೀ ಫೇಸ್ ಬಂತು. ಕಬ್ಬಿಗೆ ನೀರ್ ಕಟ್ಟಿ ಬತ್ತೀನಿ, ಒಸಿ ನೋಡ್ಕತಿರಿ.' ಅಷ್ಟೇ. ಅವನ ಸೈನಿಕ ಬಯಲಿನಲ್ಲಿ ಕಂಬದ ಹಾಗೆ ನಿಲ್ಲುತ್ತಾನೆ. ಉಳಿದ ಮೂವರು ಅವನ ಸುತ್ತ ಕಾವಲು. ಶತ್ರುಗಳು ಬಂದರೆ ಹೊಡೆಯಬೇಕು, ಜೋನ್ ಬಂದರೆ ಬೇಡಿಕೊಳ್ಳಬೇಕು. ನಿಜ ಹೇಳಬೇಕೆಂದರೆ ಮೆಷಿನ್ ತಂದು ಕೊಡುವ ಅಪರಿಚಿತ ರ‍್ಯಾಂಡಮ್‌ಗಳಲ್ಲಿ ನಾನು ಮನಸಾರೆ ಕ್ಷಮಿಸುವುದು ಇವನೊಬ್ಬನನ್ನೇ. ಆಟದ ದ್ವೀಪ ಎರಾಂಗೆಲ್ ಎಲ್ಲಿಗೂ ಹೋಗುವುದಿಲ್ಲ. ಕರೆಂಟ್ ಹೋಗುತ್ತದೆ.

ಕ್ಷಮಿಸಲಾಗದವರೂ ಇದ್ದಾರೆ. ಅಕ್ಕನ ಮಗಳು ಮಾನಸಗಂಗೋತ್ರಿಯಲ್ಲಿ ಓದುತ್ತಾಳೆ. ನನಗಿಂತ ಚೆನ್ನಾಗಿ ಆಡುತ್ತಾಳೆ. ಅವಳ ಮೈಕ್ ಯಾವಾಗಲೂ ಬಂದ್. ಹೆಣ್ಣುದನಿ ಕೇಳಿದ ಕ್ಷಣ ಮೂವರು ಮಹಾವೀರರೂ ಗನ್ ಕೆಳಗಿಟ್ಟು ಇನ್‌ಸ್ಟಾ ಐಡಿ ಕೇಳಲು ನಿಲ್ಲುತ್ತಾರಂತೆ. ಕೊಡದಿದ್ದರೆ ಅಡುಗೆಮನೆಗೆ ಹೋಗು ಎನ್ನುತ್ತಾರಂತೆ. ಹಾಗೆಂದವನ ಸ್ಕೋರ್ ಸೊನ್ನೆ. ಅವಳು ಮಾತಾಡದೆ, ಬೆರಳಲ್ಲೇ ಗುರುತು ಹಾಕಿ ತೋರಿಸಿ, ಆ ಸೊನ್ನೆಗಳನ್ನೂ ಹೊತ್ತುಕೊಂಡು ಆಟ ಗೆಲ್ಲಿಸುತ್ತಾಳೆ. ಗೆದ್ದ ಮೇಲೆ ಆ ಮೂವರು ಮೈಕಿನಲ್ಲಿ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಳ್ಳುತ್ತಾರೆ.

ಇದಕ್ಕೆಲ್ಲ ಮದ್ದು ಹುಡುಕಿಲ್ಲ ಎಂದಲ್ಲ. ಲೀಗ್ ಆಫ್ ಲೆಜೆಂಡ್ಸ್ ಆಟದವರು 2011ರಲ್ಲಿ ಪಂಚಾಯಿತಿಯನ್ನೇ ಕೂರಿಸಿದರು. ಟ್ರಿಬ್ಯುನಲ್ ಎಂದು ಹೆಸರು. ಯಾರ ಮೇಲೆ ದೂರು ಬಂದಿದೆಯೋ ಅವರ ಬೈಗುಳದ ದಾಖಲೆಯನ್ನು ಉಳಿದ ಆಟಗಾರರೇ ಓದಿ ಶಿಕ್ಷೆ ಬೇಕೋ ಬೇಡವೋ ಎಂದು ಮತ ಹಾಕಬೇಕು. ಕೆಲವೇ ವರ್ಷದಲ್ಲಿ ಆ ಕಟ್ಟೆ ಖಾಲಿಯಾಯಿತು. ಡೋಟಾ 2ನಲ್ಲಿ ನಡತೆಗೇ ಅಂಕ ಕೊಡುತ್ತಾರೆ. ಓವರ್‌ವಾಚ್‌ನವರು 2018ರಲ್ಲಿ ಒಳ್ಳೆಯ ಜೊತೆಗಾರನಿಗೆ ಮೆಚ್ಚುಗೆಯ ಮುದ್ರೆ ಒತ್ತುವ ಪದ್ಧತಿ ತಂದರು. ನಮ್ಮ ಜನ ಮುದ್ರೆ ಒತ್ತುವುದು ಹೇಗೆ ಗೊತ್ತಲ್ಲ. ನೀನು ನನಗೆ ಒತ್ತು, ನಾನು ನಿನಗೆ ಒತ್ತುತ್ತೇನೆ.

ಸರ್ಕಾರವೂ ಕೈಲಾದಷ್ಟು ಮಾಡಿದೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಲ್ಲಿಸಿತು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಆಗಿ ಬಂತು. 2022ರ ಜುಲೈನಲ್ಲಿ ಮತ್ತೆ ಮಾಯ, 2023ರ ಮೇನಲ್ಲಿ ಮತ್ತೆ ಹಾಜರು. ಬಾಗಿಲ ಹಿಂದೆ ಗುಂಡು ಹಾರಿಸದೆ ಕೂತಿದ್ದ ನಮ್ಮ ಜೊತೆಗಾರ ಮಾತ್ರ ಈ ಎಲ್ಲ ಅವಧಿಯಲ್ಲೂ ಅದೇ ಬಾಗಿಲ ಹಿಂದೆಯೇ ಇದ್ದಾನೆ. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಆಟಗಳಿಗೆಂದೇ ಒಂದು ಕಾಯ್ದೆ ಬಂತು. ದುಡ್ಡು ಕಟ್ಟಿ ಆಡುವ ಆಟಕ್ಕೆ ನಿಷೇಧ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ. ಬಿದ್ದವನನ್ನು ಎತ್ತದೆ ಅವನ ಪೆಟ್ಟಿಗೆ ದೋಚುವವನಿಗೆ ಏನು ಶಿಕ್ಷೆ ಎನ್ನುವ ಒಂದು ಕಲಂ ಸೇರಿಸಲು ಸಂಸತ್ತಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಹಾಗಾಗಿ ಜನ ತಾವೇ ಜೋಡಿ ಕಟ್ಟಲು ಹೊರಟಿದ್ದಾರೆ. ಮೈಸೂರು-ಮಂಡ್ಯದ ಹುಡುಗರದ್ದೇ ವಾಟ್ಸಾಪ್ ಗುಂಪುಗಳಿವೆ. ಅಲ್ಲಿ ಬರುವ ಜಾಹೀರಾತು ಓದಬೇಕು. 'ಸ್ಕ್ವಾಡ್‌ಗೆ ಒಬ್ಬರು ಬೇಕಾಗಿದ್ದಾರೆ. ಏಸ್ ರ‍್ಯಾಂಕ್ ಇರಬೇಕು. ಕೆಡಿ 5ಕ್ಕಿಂತ ಮೇಲೆ. ಮೈಕ್ ಕಡ್ಡಾಯ. ದಿನಾ ರಾತ್ರಿ ಒಂಬತ್ತಕ್ಕೆ ಹಾಜರಿರಬೇಕು. ಜಗಳಗಂಟರು ದಯವಿಟ್ಟು ಬೇಡ.' ಹಾಕಿದವನ ಕೆಡಿ ನೋಡಿದರೆ 1 ದಾಟಿರುವುದಿಲ್ಲ. ಅಂದರೆ ಒಬ್ಬನನ್ನು ಹೊಡೆದರೆ ತಾನೊಮ್ಮೆ ಸಾಯುವ ಗಿರಾಕಿ. 1 ಇರುವವನು 5 ಇರುವವನನ್ನು ಹುಡುಕುತ್ತಾನೆ. 5 ಇರುವವನು 8 ಇರುವವನನ್ನು ಹುಡುಕುತ್ತಾನೆ. 8 ಇರುವವನು ಗುಂಪಿನಲ್ಲಿ ಯಾರಿಗೂ ಉತ್ತರ ಕೊಡುವುದಿಲ್ಲ. ದಿನವಿಡೀ ಗುಂಪಿನಲ್ಲಿ ಬೇಕಾಗಿದ್ದಾರೆ, ಬೇಕಾಗಿದ್ದಾರೆ. ಒಬ್ಬರಿಗೂ ಒಬ್ಬರು ಸಿಗುವುದಿಲ್ಲ.

ಇಷ್ಟಾದರೂ ಹಟ ಬಿಡದೆ ನಮ್ಮ ಏರಿಯಾದ ನಾಲ್ವರು ಒಂದು ಕ್ಲಾನ್, ಅಂದರೆ ತಮ್ಮದೇ ಖಾಯಂ ತಂಡ, ಕಟ್ಟಿದರು. ಇಬ್ಬರು ಮೈಸೂರು, ಇಬ್ಬರು ಮಂಡ್ಯದಿಂದ ಬಂದು ಇಲ್ಲೇ ರೂಮು ಮಾಡಿಕೊಂಡವರು. ಪರಸ್ಪರ ಮುಖ ಗೊತ್ತು, ಮನೆ ಗೊತ್ತು, ಕುಡಿಯುವ ಟೀ ಅಂಗಡಿ ಒಂದೇ. ಇನ್ನೇನು ಬೇಕು? ಮೊದಲ ಸಭೆಯಲ್ಲೇ ಪದಾಧಿಕಾರಿಗಳ ಆಯ್ಕೆ ನಡೆಯಿತು. ಒಬ್ಬ ಅಧ್ಯಕ್ಷ, ಒಬ್ಬ ಗೌರವಾಧ್ಯಕ್ಷ, ಒಬ್ಬ ಪ್ರಧಾನ ಕಾರ್ಯದರ್ಶಿ, ಒಬ್ಬ ಖಜಾಂಚಿ. ನಾಲ್ವರಿಗೂ ಹುದ್ದೆ ಸಿಕ್ಕಿದ್ದರಿಂದ ಗ್ರೆನೇಡ್ ಹೊರಲು ಯಾರೂ ಉಳಿಯಲಿಲ್ಲ. ಅಧ್ಯಕ್ಷರ ಹುಟ್ಟುಹಬ್ಬಕ್ಕೆ ಟೀ ಅಂಗಡಿ ಎದುರು ಫ್ಲೆಕ್ಸ್ ಬಂತು. ಗೌರವಾಧ್ಯಕ್ಷರ ಫೋಟೋ ಅದರಲ್ಲಿ ಚಿಕ್ಕದಾಗಿತ್ತು. ಅದೇ ರಾತ್ರಿ ಆಟದಲ್ಲಿ ಅಧ್ಯಕ್ಷರು ಗುಂಡು ತಿಂದು ಬಿದ್ದರು. 'ರಿವೈವ್, ರಿವೈವ್' ಎಂದು ಕೂಗಿಕೊಂಡರು. ಗೌರವಾಧ್ಯಕ್ಷರು ಎರಡು ಹೆಜ್ಜೆ ದೂರದಲ್ಲಿ ನಿಂತು ಎನರ್ಜಿ ಡ್ರಿಂಕ್ ಕುಡಿಯುತ್ತಿದ್ದರು.

ಕ್ಲಾನ್ ಒಡೆಯಿತು. ಇಬ್ಬರು ಅತ್ತ, ಇಬ್ಬರು ಇತ್ತ. ಎರಡೂ ಬಣದವರು ಈಗ ಪ್ರತಿ ರಾತ್ರಿ ಉಳಿದೆರಡು ಜಾಗಕ್ಕೆ ರ‍್ಯಾಂಡಮ್‌ಗಳನ್ನೇ ತುಂಬಿಸಿಕೊಂಡು ಆಡುತ್ತಾರೆ. ವಾಟ್ಸಾಪ್ ಗುಂಪು ಮಾತ್ರ ಒಂದೇ ಇದೆ. ಯಾರು ಬಿಟ್ಟು ಹೋಗುತ್ತಾರೋ ಅವರ ಅಡ್ಮಿನ್ ಪದವಿ ಹೋಗುತ್ತದೆ ಎಂದು ನಾಲ್ವರೂ ಅಲ್ಲೇ ಉಳಿದಿದ್ದಾರೆ, ಮತ್ತು ನಾಲ್ವರೂ ದಿನಾ ಬೆಳಗ್ಗೆ ಅಲ್ಲೇ ಜಾಹೀರಾತು ಹಾಕುತ್ತಾರೆ: ಒಳ್ಳೆಯ ಜೊತೆಗಾರರು ಬೇಕಾಗಿದ್ದಾರೆ, ಮೈಸೂರು-ಮಂಡ್ಯದವರು ಬೇಡ.