ಕಂಪೈಲ್ ಆಯ್ತಲ್ಲ, ಮತ್ತೆಂತ?

ಇವತ್ತು ಬದಿಯಡ್ಕ ಹತ್ತಿರ ಉಪನಯನದ ಊಟ. ಒಂದು ಕಂಪ್ಯೂಟರಿನ ಪ್ರೋಗ್ರಾಂ ಇನ್ನೊಂದಕ್ಕೆ ಒಯ್ಯುವ ಮಾತು ಬಂತು. ಪಕ್ಕದ ಎಲೆಯ ಬೆಂಗಳೂರಿನ ಇಂಜಿನಿಯರ್ ಮಾಣಿ ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಾ ಹೇಳಿದ, "ಸಿ ಅಲ್ವಾ ಅಣ್ಣ, ಟೂಲ್‌ಚೈನ್ ಬದಲಾಯಿಸಿದರೆ ಮುಗೀತು. ಕಂಪೈಲ್ ಆದರೆ ಓಡುತ್ತೆ." (ಸಿ ಒಂದು ಪ್ರೋಗ್ರಾಮಿಂಗ್ ಭಾಷೆ. ಅದರಲ್ಲಿ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲ್, ಅದಕ್ಕೆ ಬೇಕಾದ ಹತ್ಯಾರಗಳು ಟೂಲ್‌ಚೈನ್.) ಮಜ್ಜಿಗೆ ಬರುವವರೆಗೂ ಬಾಯಿ ಮುಚ್ಚಿ ಕೂತಿದ್ದೆ. ಈಗ ಇಲ್ಲಿ ತೆಗೆಯುತ್ತೇನೆ.

ಓಡುತ್ತದೆ ಮಾರಾಯಾ. ಓಡಿದ್ದೇ ನನ್ನ ತಾಪತ್ರಯ.

ನಮ್ಮ ತೋಟದ ಪಂಪನ್ನು ನಡೆಸುವುದು ನಾನು ಸಿಯಲ್ಲಿ ಬರೆದ ಪ್ರೋಗ್ರಾಂ. ಶೆಡ್ಡಿನಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಅಡಿಕೆ ಬುಡದಲ್ಲಿ ತೇವದ ಸೆನ್ಸರ್. ಅಂಕಿ ದೊಡ್ಡದಾದಷ್ಟು ಮಣ್ಣು ಒಣ. ಸೆನ್ಸರ್ ಕೈಕೊಟ್ಟರೆ -1, ಪಂಪು ಬಂದ್. ಆ ಅಂಕಿಯನ್ನು 'ಚಾರ್' ಅನ್ನುವ ಒಂದೇ ಬೈಟಿನ ಡಬ್ಬಿಯೊಳಗೆ ತುರುಕಿದ್ದೆ (ಮೂರು ಬೈಟು ಉಳಿಸಿದ ಜಿಪುಣ ನಾನು). ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಸುಳ್ಳು ಅಂಕಿ ಕೊಟ್ಟು ನೋಡಿದೆ, ಚೊಕ್ಕ. ಅಲ್ಲೇ ಕೂತು ಪೈಯ ಆರ್ಮ್ ಪ್ರೊಸೆಸರಿಗೆಂದು ಕಂಪೈಲ್ ಮಾಡಿ (ಇದಕ್ಕೆ ಕ್ರಾಸ್ ಕಂಪೈಲ್ ಅನ್ನುತ್ತಾರೆ) ಪೈಗೆ ಕಳಿಸಿದೆ.

ಮೊದಲು 'ಗ್ಲಿಬ್‌ಸಿ 2.34 ಸಿಗಲಿಲ್ಲ' ಎಂದು ಹಠ ಹಿಡಿಯಿತು. ಗ್ಲಿಬ್‌ಸಿ ಅಂದರೆ ಲಿನಕ್ಸಿನಲ್ಲಿ ಸಿ ಪ್ರೋಗ್ರಾಂಗಳು ಆತುಕೊಳ್ಳುವ ಲೈಬ್ರರಿ, ಕನಿಷ್ಠ 2.34 ಬೇಕಿತ್ತು. ಲ್ಯಾಪ್‌ಟಾಪಿನ ಉಬುಂಟು 22.04ರಲ್ಲಿ 2.35, ಪೈಯ ಡೆಬಿಯನ್ 11ರಲ್ಲಿ 2.31 (ಎರಡೂ ಲಿನಕ್ಸಿನ ಬಗೆಗಳು). ಸ್ಟ್ಯಾಟಿಕ್ ಲಿಂಕ್ ಮಾಡಿ ಆ ಲೈಬ್ರರಿಯನ್ನು ಪ್ರೋಗ್ರಾಮಿನೊಳಗೇ ಕಟ್ಟಿದೆ, ಮುಗಿಯಿತು. ಅದು ಮರ್ಯಾದಸ್ಥ ದೋಷ, ಬಾಗಿಲಲ್ಲೇ ನಿಂತು ಬೈಯುತ್ತದೆ.

ಚಾರ್ ಬೈಯಲಿಲ್ಲ. ಅದಕ್ಕೆ ಮೈನಸ್ ಚಿಹ್ನೆ ಉಂಟೋ ಇಲ್ಲವೋ ಅನ್ನುವುದನ್ನು ಸಿ ಭಾಷೆ ಕಂಪೈಲರಿಗೇ ಬಿಟ್ಟುಕೊಟ್ಟಿದೆ. ಇಂಟೆಲ್ ಲಿನಕ್ಸಿನಲ್ಲಿ ಉಂಟು, ಆರ್ಮ್ ಲಿನಕ್ಸಿನಲ್ಲಿ ಇಲ್ಲ. ಅದೇ ಆರ್ಮ್ ಆಪಲ್ ಮ್ಯಾಕಿನೊಳಗೆ ಕೂತರೆ ಮತ್ತೆ ಉಂಟು! ಇಲಿ ವಯರು ಕಡಿದ ರಾತ್ರಿ ನನ್ನ -1 ಪೈಯಲ್ಲಿ 255 ಆಯಿತು (ಬೈಟಿನೊಳಗಿನ ಗುರುತು ಒಂದೇ, ಓದುವ ಕ್ರಮ ಬೇರೆ). 255 ಅಂದರೆ ಬರಗಾಲ. ಪಂಪು ಬೆಳಗಿನವರೆಗೆ ಓಡಿತು. ಗುಡ್ಡ ಕೊರೆದ ಸುರಂಗದ ನೀರು ತುಂಬುವ ಕೊಳದಲ್ಲಿ ಉಳಿದದ್ದು ಕೆಸರು, ಎರಡು ಕಪ್ಪೆ.

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ನಾವು 'ಪಟ್ಟಿ' ಅಂದರೆ ಲಿಸ್ಟು, ಕೌಂಟರಿನ ಆಚೆ ಕೂತ ಮಲಯಾಳದ ಕಿವಿಗೆ ಅದು ನಾಯಿ. ಯಾವ ಅಕ್ಷರ ಬದಲಾಯಿತು?

"ಪೈಯಲ್ಲೇ ಕಂಪೈಲ್ ಮಾಡಬಹುದಿತ್ತಲ್ಲ" ಎಂದು ಕಮೆಂಟ್ ಹಾಕಲು ಹೊರಟವರೇ, ಮಾಡಿ. ಗ್ಲಿಬ್‌ಸಿ ಜಗಳ ತಪ್ಪೀತು, 255 ತಪ್ಪುವುದಿಲ್ಲ. ನಾನು 'ಸೈನ್ಡ್ ಚಾರ್' (ಮೈನಸ್ ಉಳ್ಳ ಚಾರ್) ಅಂತ ಬರೆಯಬೇಕಿತ್ತು, ಇಲ್ಲವೇ ಸುಮ್ಮನೆ ನಾಲ್ಕು ಬೈಟಿನ 'ಇಂಟ್' ಹಾಕಬೇಕಿತ್ತು. ಎಲ್ಲಕ್ಕಿಂತ ಮೊದಲು ಶೆಡ್ಡಿಗೆ ಹೋಗಿ ನಾನೇ ಒಮ್ಮೆ ವಯರು ಕಿತ್ತು ನೋಡಬೇಕಿತ್ತು. ಕಂಪೈಲ್ ಆಯ್ತಲ್ಲ ಅಂತ ಮಲಗಿದೆ.

(ಭಾವನ ವಿಂಡೋಸಿಗೂ ಇದೇ ಪ್ರೋಗ್ರಾಂ ಕಟ್ಟಿಕೊಟ್ಟೆ. 64 ಬಿಟ್ ಲಿನಕ್ಸಿನಲ್ಲಿ 8 ಬೈಟಿದ್ದ 'ಲಾಂಗ್' ಅನ್ನುವ ದೊಡ್ಡ ಡಬ್ಬಿ ಅಲ್ಲಿ 4. ಆ ಪುರಾಣ ಬಿಪಿ ಇಳಿದ ಮೇಲೆ.)

ಆ ಬೆಳಿಗ್ಗೆ ನಾನು ಬೈದದ್ದು ಅಪ್ಪನಿಗೆ, ಸ್ವಿಚ್ಚು ಆಫ್ ಮಾಡಲಿಕ್ಕೆ ನೀವೇ ಮರೆತದ್ದು ಅಂತ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಎದ್ದು ಹೋದರು. 255 ಕಣ್ಣಿಗೆ ಬಿದ್ದದ್ದು ಎರಡು ದಿನ ಬಿಟ್ಟು. ತಪ್ಪಾಯ್ತು ಅಂತ ಇನ್ನೂ ಹೇಳಿಲ್ಲ. ಈಗ ದಿನಾ ರಾತ್ರಿ ಒಂಬತ್ತಕ್ಕೆ ಅಪ್ಪ ಟಾರ್ಚು ಹಿಡಿದು ಶೆಡ್ಡಿಗೆ ಹೋಗಿ, ಮೈನ್ ಸ್ವಿಚ್ಚನ್ನೇ ಎಳೆದು ಬರುತ್ತಾರೆ.